ಮುಚ್ಚಳ ಮುಚ್ಚಿ ನೋಡಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ವಸ್ತುಗಳ ಬೆನ್ನನ್ನು. ಹೊಸ ಮನೆ ಕಟ್ಟಿಸಿದವರು ಹಜಾರದ ಗೋಡೆಯ ಬಣ್ಣವನ್ನೋ ಕಿಟಕಿಯ ಪರದೆಯನ್ನೋ ತೋರಿಸಿ ಒಂದು ಮೆಚ್ಚುಗೆಯ ಮಾತಿಗಾಗಿ ಕಾದು ನಿಂತಿದ್ದರೆ, ಇವರು ಆಗಲೇ ಟಿವಿಯ ಹಿಂದಕ್ಕೆ ಕೈ ಚಾಚಿ, ಅಂಗೈಯನ್ನು ಅಲ್ಲಿ ಕ್ಷಣಕಾಲ ನಿಲ್ಲಿಸಿ, "ಗೋಡೆಗೆ ಅಂಟಿಸಿಬಿಟ್ಟಿದ್ದೀರಲ್ಲ, ಬಿಸಿ ಹೋಗೋದೆಲ್ಲಿಗೆ?" ಎಂದು ಕೇಳಿರುತ್ತಾರೆ. ಫ್ರಿಜ್ಜಿನ ಬೆನ್ನು, ಬೀರುವಿನ ಬೆನ್ನು, ಗಡಿಯಾರದ ಬೆನ್ನು, ಯಾವುದನ್ನೂ ಅವರು ಬಿಡುವವರಲ್ಲ. ಮುಖವನ್ನು ಎಲ್ಲರೂ ಒರೆಸಿಡುತ್ತಾರೆ, ನಿಜವಾದ ಸಂಗತಿ ಏನಿದ್ದರೂ ಹಿಂದುಗಡೆ ಎಂಬುದು ಅವರ ದೃಢವಾದ ನಂಬಿಕೆ. ಬಂಧುವರ್ಗದಲ್ಲಿ ಅವರಿಗೆ 'ಬೆನ್ನು ಚಿಕ್ಕಮ್ಮ' ಎಂಬ ಅಡ್ಡಹೆಸರು ಬಿದ್ದು ಬಹಳ ಕಾಲವಾಯಿತು. ಆ ಹೆಸರು ಕಿವಿಗೆ ಬಿದ್ದಾಗ ಅವರು ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. "ನನ್ನ ಬೆನ್ನ ಹಿಂದೆ ತಾನೇ ಹಾಗನ್ನೋದು? ಸರಿಯಾದ ಜಾಗದಲ್ಲೇ ಅಂತಾರೆ ಬಿಡು" ಎನ್ನುತ್ತಾರೆ.

ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕಡಿದಾದ ಮೆಟ್ಟಿಲುಗಳ ತುದಿಯಲ್ಲಿದೆ. ಭಾರವಾದ ಡಬ್ಬವನ್ನು ಎತ್ತಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದವರಿಗೆ ಮೊದಲು ಕುರ್ಚಿ, ಆಮೇಲೆ ನೀರು, ಅನಂತರವೇ ಮಾತು. ಅಂಗಡಿ ತೆರೆಯುವ ಮುಂಚೆ ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕಿಯಾಗಿದ್ದರು. ಆ ಶಾಲೆಗೆ ದಾನವಾಗಿ ಬಂದ ಕಂಪ್ಯೂಟರುಗಳನ್ನು ಮುಖ್ಯೋಪಾಧ್ಯಾಯಿನಿ ಕೆಟ್ಟಾವೆಂಬ ಭಯದಿಂದ ಕೋಣೆಯಲ್ಲಿಟ್ಟು ಬೀಗ ಜಡಿದಿದ್ದರಂತೆ. "ಬೀಗ ಹಾಕಿದ ಯಂತ್ರ ಕೆಡೋದಿಲ್ಲ ನಿಜ, ಆದರೆ ಅದು ಇದ್ದೂ ಇಲ್ಲ" ಎಂದು ಇವರು ಸಭೆಯಲ್ಲೇ ಹೇಳಿದರು. ಆಕೆ ಬೀಗ ತೆಗೆಯಲಿಲ್ಲ, ಇವರು ಕೆಲಸ ಬಿಟ್ಟರು. ಈ ಕಥೆಯನ್ನು ಅವರು ಹೇಳುವಾಗ ಅದರಲ್ಲಿ ಕಹಿ ಇರುವುದಿಲ್ಲ. ಬಸ್ಸು ತಪ್ಪಿ ನಡೆದುಕೊಂಡು ಹೋದವನು ದಾರಿಯಲ್ಲಿ ಕಂಡದ್ದನ್ನು ಹೇಳುವಂತೆ ಹೇಳುತ್ತಾರೆ.

ಚಿಕ್ಕಮ್ಮನನ್ನು ಬಲ್ಲವರಿಗೆಲ್ಲ ಅವರ ಕೋಟು ಗೊತ್ತು. ನಮ್ಮ ಚಿಕ್ಕಪ್ಪ ದರ್ಜಿ. ಯಾರೋ ಗಿರಾಕಿ ಹೊಲಿಸಿ ಒಯ್ಯದೆ ಬಿಟ್ಟುಹೋದ ಬೂದು ಬಣ್ಣದ ಗಂಡಸರ ಕೋಟೊಂದನ್ನು ಬಿಚ್ಚಿ, ಭುಜವನ್ನು ಒಳಕ್ಕೆ ಹಿಡಿದು, ಒಳಗೆಲ್ಲ ಜೇಬುಗಳನ್ನಿಟ್ಟು ಅವರು ಹೆಂಡತಿಗಾಗಿ ಹೊಲಿದದ್ದು ಅದು. ಒಂದು ಜೇಬಿನಲ್ಲಿ ಗಿಡ್ಡ ಹಿಡಿಯ ಸ್ಕ್ರೂ ಡ್ರೈವರು, ಇನ್ನೊಂದರಲ್ಲಿ ದೂಳು ಹೊಡೆಯಲು ಮೆತ್ತನೆಯ ಕುಂಚ, ಮತ್ತೊಂದರಲ್ಲಿ ಬೆರಳುದ್ದದ ಟಾರ್ಚು, ಎದೆಯ ಹತ್ತಿರ ಶಾಲಾ ಮಕ್ಕಳು ಬಳಸುವ ಬಿಳಿಯ ರಬ್ಬರು. ಕಂಪ್ಯೂಟರಿನ ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಅಂಚು ಮಂಕಾಗಿ ಯಂತ್ರ ಎಚ್ಚರಗೊಳ್ಳದೆ ಬೀಪ್ ಬೀಪ್ ಎಂದು ಗೋಗರೆಯುತ್ತಿದ್ದರೆ, ಆ ರಬ್ಬರಿನಿಂದ ಅಂಚನ್ನು ಉಜ್ಜಿ ಮತ್ತೆ ಸಿಕ್ಕಿಸುತ್ತಾರೆ. ಎಷ್ಟೋ ಯಂತ್ರಗಳಿಗೆ ಅಷ್ಟೇ ಸಾಕಾಗುತ್ತದೆ. ಚಳಿಯಿರಲಿ ಸೆಕೆಯಿರಲಿ ಆ ಕೋಟು ಮೈಮೇಲಿರಲೇಬೇಕು. ಉಪಕರಣಗಳ ಭಾರಕ್ಕೆ ಅದು ಬಲಗಡೆ ಜೋತು, ಕೋಟಿನೊಂದಿಗೆ ಚಿಕ್ಕಮ್ಮನೂ ಬಲಕ್ಕೆ ಕೊಂಚ ವಾಲಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ದಾಪುಗಾಲು ಹಾಕಿ ನಡೆದು ಬರುವುದನ್ನು ಬೀದಿಯ ಆ ತುದಿಯಿಂದಲೇ ಗುರುತಿಸಬಹುದು. ಬಾಗಿಲ ಬಳಿ ಬಂದಾಗ ಮಾತ್ರ ಆ ಬಿರುಸೆಲ್ಲ ತಟ್ಟನೆ ಇಳಿದುಹೋಗುತ್ತದೆ. ಹೊಸ್ತಿಲಲ್ಲಿ ನಿಂತು ಅವರು ಕಿವಿಗೊಡುತ್ತಾರೆ. ಫ್ಯಾನು ಹೇಗೆ ತಿರುಗುತ್ತಿದೆ ಎಂಬುದನ್ನು ಒಳಗೆ ಬರುವ ಮೊದಲೇ ತಿಳಿದುಕೊಂಡಿರುತ್ತಾರೆ.

ಅವರಿಗೆ ಪಿಸುಮಾತು ಬರುವುದಿಲ್ಲ. ವರ್ಷಗಟ್ಟಲೆ ಹತ್ತಾರು ಫ್ಯಾನುಗಳ ಮೊರೆತದ ನಡುವೆ ಮಾತಾಡಿ ಅಭ್ಯಾಸವಾದ ದನಿ. ಗುಟ್ಟು ಹೇಳಿದರೂ ಕೆಳಗಿನ ಕನ್ನಡಕದ ಅಂಗಡಿಯವರು ತಲೆಯಾಡಿಸುತ್ತಾರೆ. ಆ ದನಿಯಲ್ಲಿ ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ ಲೆಕ್ಕವಿಲ್ಲದ ಮಾತೊಂದಿದೆ: "ಹಾಗಂತ ಯಾರು ಹೇಳಿದ್ದು?" ಮದರ್‌ಬೋರ್ಡ್ ಸುಟ್ಟಿದೆಯಂತೆ ಎಂದರೂ ಅದೇ, ವೈರಸ್ಸು ಬಂದಿದೆಯಂತೆ ಎಂದರೂ ಅದೇ, ಹೊಸದು ಕೊಳ್ಳುವುದೇ ಲೇಸಂತೆ ಎಂದರೂ ಅದೇ. 'ಅಂತೆ'ಯಿಂದ ಮುಗಿಯುವ ಯಾವ ವಾಕ್ಯವೂ ಅವರ ಮೇಜನ್ನು ದಾಟಿ ಮುಂದೆ ಹೋದದ್ದಿಲ್ಲ. ಕಂಡದ್ದನ್ನು ಹೇಳಿ, ಕೇಳಿಸಿದ ಸದ್ದನ್ನು ಹೇಳಿ, ಮುಟ್ಟಿದಾಗ ಹೇಗಿತ್ತೆಂದು ಹೇಳಿ, ಊಹೆ ಮಾಡುವುದಿದ್ದರೆ ನಾನು ಮಾಡುತ್ತೇನೆ ಎಂಬುದು ಅವರ ಒಪ್ಪಂದ.

ಒಮ್ಮೆ ನಮ್ಮ ಪರಿಚಯದ ಡಾಕ್ಟರೊಬ್ಬರ ಚಿಕಿತ್ಸಾಲಯದಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಗಿ ಹೋಯಿತು. ರೋಗಿಗಳು ಕಾಯುತ್ತಿದ್ದರು, ಡಾಕ್ಟರು ಸಿಡಿಮಿಡಿಗೊಂಡಿದ್ದರು. ಚಿಕ್ಕಮ್ಮ ಹೋದವರು ಏನನ್ನೂ ಬಿಚ್ಚಲಿಲ್ಲ. ಟಾರ್ಚಿನ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಟ್ಟು ಬಗ್ಗಿ ನೋಡಿದರು. ಆ ಕತ್ತಲೆಯ ಆಳದಲ್ಲಿ ಅಕ್ಷರಗಳು ಮಂಕಾಗಿ ಕಾಣುತ್ತಿದ್ದವು. ಮೇಜು ಒರೆಸುವವರ ಬಟ್ಟೆ ತಗುಲಿ ಗುಂಡಿ ಅದುಮಿಹೋಗಿ, ಪರದೆಯ ಬೆಳಕು ಪೂರ್ತಿ ಇಳಿದಿತ್ತು. ಬೆಳಕನ್ನು ಏರಿಸಿ ಅವರು ಎದ್ದರು. "ಇಷ್ಟೇನಾ?" ಎಂದು ಡಾಕ್ಟರು ಪೆಚ್ಚಾದರು. "ನಿಮ್ಮ ಹತ್ತಿರ ಬರೋರಲ್ಲಿ ಎಷ್ಟು ಜನಕ್ಕೆ ಅಷ್ಟೇ ಆಗಿರುತ್ತೆ. ಅವರು ಬಂದದ್ದು ತಪ್ಪಾ?" ಎಂದು ಚಿಕ್ಕಮ್ಮ ನಕ್ಕರು. ಕಾಯುತ್ತಿದ್ದ ರೋಗಿಗಳಿಗೂ ಅದು ಕೇಳಿಸಿತೆಂದು ಬೇರೆ ಹೇಳಬೇಕಿಲ್ಲ.

ಸಂಗೀತದ ಮೇಷ್ಟ್ರೊಬ್ಬರ ಯಂತ್ರ, ಹಾಡು ಅರ್ಧಕ್ಕೆ ಬಂದಾಗಲೆಲ್ಲ ತಾನಾಗಿ ಆರಿಹೋಗುತ್ತಿತ್ತು. ಹೋಗಿ ನೋಡಿದರೆ, ದೂಳು ಕೂರಬಾರದೆಂದು ಅವರ ಮನೆಯಾಕೆ ಅದಕ್ಕೊಂದು ಕಸೂತಿಯ ಹೊದಿಕೆ ಹೊಲಿದು, ಕೊರಳಿನವರೆಗೂ ಗುಂಡಿ ಹಾಕಿದ್ದಾರೆ. ಒಳಗೆ ಬೇಗೆಯಿಂದ ಬೇಯುತ್ತಿದ್ದ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಕಣ್ಣು ಮುಚ್ಚುತ್ತಿತ್ತು. ಮೇಷ್ಟ್ರು ಹೆಂಡತಿಯ ಕಡೆ ಕೆಂಗಣ್ಣು ಬಿಡುವ ಮೊದಲೇ ಚಿಕ್ಕಮ್ಮ ಆ ಹೊದಿಕೆಯನ್ನು ಮಡಿಸಿ ಆಕೆಯ ಕೈಗಿಟ್ಟು, "ಕೆಲಸ ಚೆನ್ನಾಗಿದೆ, ನಮ್ಮ ಮನೆಯವರಿಗೆ ತೋರಿಸಬೇಕು. ಯಂತ್ರ ಆಫ್ ಮಾಡಿ, ತಣ್ಣಗಾದ ಮೇಲೆ ಹೊದಿಸಿ" ಎಂದರು.

ಹೀಗೆ ಹೇಳುತ್ತಾ ಹೋದರೆ ಅವರು ಎಂದೂ ಎಡವದವರೆಂದು ಓದುಗರಿಗೆ ತೋರಬಹುದು. ಅವರ ಆತ್ಮವಿಶ್ವಾಸ ಎಡವಿದ ಒಂದು ಪ್ರಸಂಗವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರನ್ನು ಕುರಿತು ಬರೆಯಬೇಕೆಂದು ನನಗೆ ಅನಿಸಿದ್ದು ಆ ಪ್ರಸಂಗದಿಂದ.

ನಾನು ಕರಡು ತಿದ್ದುವ ಕೆಲಸ ಮಾಡುತ್ತಿದ್ದ ಮುದ್ರಣಾಲಯದಲ್ಲಿ ಶಾಲಾ ಮಕ್ಕಳ ಭೂಪಟ ಪುಸ್ತಕ ಸಿದ್ಧವಾಗುತ್ತಿತ್ತು. ಭೂಪಟಗಳನ್ನು ಕಂಪ್ಯೂಟರಿನಲ್ಲಿ ರಚಿಸುತ್ತಿದ್ದವರು ಒಬ್ಬ ನಡುವಯಸ್ಸಿನ ಹೆಂಗಸು. ಅಲ್ಲಿ ಎಲ್ಲರೂ ಅವರನ್ನು 'ನಕ್ಷೆಯವರು' ಎನ್ನುತ್ತಿದ್ದೆವು. ಮಿತಭಾಷಿ. ಬೆಳಗ್ಗೆ ಬಂದವರು ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡು, ಕುರ್ಚಿಯನ್ನು ಅರ್ಧ ಗೇಣು ಮುಂದಕ್ಕೆಳೆದು ಕುಳಿತರೆ, ನದಿಗಳು ಬೆಟ್ಟ ಇಳಿಯುವುದನ್ನೂ ಕರಾವಳಿ ಒಳಕ್ಕೆ ಬಾಗುವುದನ್ನೂ ನಾವು ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆವು. ಆ ಯಂತ್ರ ಇದ್ದಕ್ಕಿದ್ದಂತೆ ಕಾಟ ಕೊಡತೊಡಗಿತು. ದೊಡ್ಡ ಭೂಪಟ ತೆರೆದು ಕೆಲಸ ಕಾವೇರುತ್ತಿದ್ದಂತೆ ಪರದೆಯ ಮೇಲೆ ಮೊದಲು ಬಣ್ಣಬಣ್ಣದ ಚುಕ್ಕೆಗಳು, ಆಮೇಲೆ ಅಡ್ಡಗೆರೆಗಳು, ಕೊನೆಗೆ ಪೂರ್ತಿ ಕತ್ತಲೆ. ಉಳಿಸಿಡದ ಕೆಲಸವೆಲ್ಲ ಮಂಗಮಾಯ. ಪುಸ್ತಕ ಶಾಲೆ ತೆರೆಯುವ ಮೊದಲು ಹೊರಬರಬೇಕಿತ್ತು. ಮುದ್ರಣಾಲಯದ ಯಜಮಾನರು ತಾಳ್ಮೆಗೆಟ್ಟರು. ಚಿಕ್ಕಮ್ಮನಿಗೆ ಹೇಳಿ ಕಳಿಸಿದರು.

ಆ ಯಂತ್ರ ಚಿಕ್ಕಮ್ಮನಿಗೆ ಹೊಸದಲ್ಲ. ಹಿಂದೊಮ್ಮೆ ಅದಕ್ಕೆ ಎರಡನೆಯ ಹಾರ್ಡ್ ಡಿಸ್ಕು ಜೋಡಿಸಿದವರು ಅವರೇ. ಅದನ್ನು ಅಂಗಡಿಗೆ ತರಿಸಿಕೊಂಡರು, ಪಕ್ಕದ ಮುಚ್ಚಳ ಬಿಚ್ಚಿದರು, ದೂಳು ಹೊಡೆದರು, ಮುಖ್ಯ ಚಿಪ್‌ನ ಮೇಲೆ ಒಣಗಿದ್ದ, ಬಿಸಿಯನ್ನು ಹೊರಸಾಗಿಸುವ ಬಿಳಿಯ ಲೇಪವನ್ನು ಒರೆಸಿ ಹೊಸದು ಹಚ್ಚಿದರು. ಬೇರೆ ಮಾನಿಟರು ಹಾಕಿ ನೋಡಿದರು, ಬೇರೆ ಕೇಬಲ್ಲು ಹಾಕಿ ನೋಡಿದರು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವರ ವ್ರತ. ಎರಡನ್ನು ಒಟ್ಟಿಗೆ ಬದಲಿಸಿದರೆ ವಾಸಿಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ ಎನ್ನುತ್ತಾರೆ. ಭಾರವಾದ ಚಿತ್ರಗಳನ್ನು ತೆರೆದಿಟ್ಟು ದಿನವಿಡೀ ಓಡಿಸಿದರು. ಯಂತ್ರ ಒಮ್ಮೆಯೂ ಮಿಣುಕಲಿಲ್ಲ.

ಅದನ್ನು ಮುದ್ರಣಾಲಯಕ್ಕೆ ಮರಳಿ ತಂದ ದಿನ ನಕ್ಷೆಯವರು ಎದ್ದು ಬಂದು, "ಮೇಡಂ, ನಾನು ನೋಡಿದ ಹಾಗೆ ಇದು..." ಎಂದು ಏನೋ ಹೇಳಹೊರಟರು. ಚಿಕ್ಕಮ್ಮ ಕೈಯೆತ್ತಿ ತಡೆದರು.

"ಎಲ್ಲಾ ನೋಡಿದ್ದೀನಮ್ಮ. ಯಂತ್ರದಲ್ಲಿ ದೋಷ ಇಲ್ಲ. ದೋಷ ಬಳಸೋ ಕೈಯಲ್ಲಿದೆ. ಕೇಬಲ್ ಎಳೆದಾಡಬೇಡಿ, ತೆರೆದದ್ದನ್ನ ಮುಚ್ಚಿ ಇನ್ನೊಂದು ತೆರೀರಿ."

ಅವರಿಗೆ ಪಿಸುಮಾತು ಬರುವುದಿಲ್ಲವೆಂದೆನಲ್ಲ. ಆ ಮಾತು ಅಚ್ಚಿನ ಯಂತ್ರಗಳ ಸದ್ದನ್ನೂ ದಾಟಿ, ರಟ್ಟು ಕತ್ತರಿಸುವವರ ತನಕ ಹೋಯಿತು.

ಮರುದಿನವೇ ಪರದೆ ಮತ್ತೆ ಕಪ್ಪಾಯಿತು. ಯಜಮಾನರು ಚಿಕ್ಕಮ್ಮನನ್ನು ಕರೆಯಲಿಲ್ಲ. ಯಂತ್ರದಲ್ಲಿ ದೋಷವಿಲ್ಲವೆಂದು ಬಲ್ಲವರು ಹೇಳಿದ ಮೇಲೆ ಕರೆಯುವುದೇಕೆ? ನಕ್ಷೆಯವರನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ಗುಮಾಸ್ತರನ್ನು ಕೂರಿಸಿದರು. ಗುಮಾಸ್ತರು ದಿನವೆಲ್ಲ ಕಾಗದಪತ್ರಗಳನ್ನು ಟೈಪು ಮಾಡಿದರು. ಪರದೆ ಹಾಲಿನಂತೆ ಬೆಳಗುತ್ತಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಕ್ಷೆಯವರನ್ನು ಅಚ್ಚಾದ ಹಾಳೆಗಳ ಕಟ್ಟು ಹೊಂದಿಸುವ ವಿಭಾಗಕ್ಕೆ ಕಳಿಸಿದರು. ಭೂಪಟಗಳನ್ನು ಹೊರಗಿನವರಿಗೆ ಒಪ್ಪಿಸುವ ಮಾತು ಹೊರಟಿತು.

ಚಿಕ್ಕಮ್ಮ ಹೇಳಿದ್ದು 'ಬಳಸೋ ಕೈ'. ಜನರ ಬಾಯಲ್ಲಿ ಅದು ಬಹು ಬೇಗ 'ಕೈಗುಣ'ವಾಯಿತು. ಆಕೆಯ ಕೈಗುಣ ಸರಿಯಿಲ್ಲ, ಮುಟ್ಟಿದ್ದೆಲ್ಲ ಕೆಡುತ್ತದೆ ಎಂಬ ಗುಸುಗುಸು ಆರಂಭವಾಯಿತು. ಬೆಳಗ್ಗೆ ಅಂಗೈ ಉಜ್ಜಿಕೊಳ್ಳುತ್ತಿದ್ದುದು ಈಗ ಎಲ್ಲರಿಗೂ ನೆನಪಾಗಿ, "ಅದಕ್ಕೇ ನೋಡಿ, ಕೈಯೆಲ್ಲ ಬಿಸಿ" ಎಂದು ನಗೆಯಾಡಿದರು. ಒಂದು ದಿನ ಚಹಾದ ಫ್ಲಾಸ್ಕು ಉರುಳಿ ಒಳಗಿನ ಗಾಜು ಒಡೆಯಿತು. ಉರುಳಿಸಿದವರು ಬೇರೆ ಯಾರೋ, ಆದರೆ ಅದಕ್ಕೆ ಮುಂಚೆ ಅದರಿಂದ ಚಹಾ ಬಗ್ಗಿಸಿಕೊಂಡವರು ನಕ್ಷೆಯವರಾದ್ದರಿಂದ ಕೋಣೆಯಲ್ಲಿದ್ದವರೆಲ್ಲ ಒಮ್ಮೆ ಅವರ ಕೈ ನೋಡಿದರು. ಆಕೆ ಲೋಟವನ್ನು ತೊಳೆದಿಟ್ಟು, ಆ ದಿನದಿಂದ ಮನೆಯಿಂದಲೇ ನೀರು ತರತೊಡಗಿದರು. ಕಟ್ಟು ಹೊಂದಿಸುವ ವಿಭಾಗದವರೂ ಆಕೆ ಮುಟ್ಟಿದ ಪುಸ್ತಕ ಹೊಲಿಯುವ ಯಂತ್ರವನ್ನು ಬಳಸಲು ಹಿಂಜರಿಯುತ್ತಿದ್ದಾರೆಂದು ಕೇಳಿದಾಗ, ಇನ್ನು ಆಕೆ ಬಹಳ ದಿನ ಅಲ್ಲಿ ಉಳಿಯುವುದಿಲ್ಲವೆಂದು ನನಗೆ ಖಚಿತವಾಯಿತು.

ಆ ವಾರ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ಈ ಫ್ಲಾಸ್ಕಿನ ಸಂಗತಿ ಹೇಳಿದೆ. ಚಿಕ್ಕಮ್ಮ ತುತ್ತು ಎತ್ತಿದವರು ಹಾಗೆಯೇ ಕೈ ಇಳಿಸಿದರು.

"ಕೈಗುಣ ಕೆಟ್ಟದ್ದಾ? ಹಾಗಂತ ಯಾರು ಹೇಳಿದ್ದು?"

ನಾನು ಹೇಳಲೋ ಬೇಡವೋ ಎಂದು ನೋಡಿದೆ. ಕೊನೆಗೆ, "ನೀವೇ ಚಿಕ್ಕಮ್ಮ" ಎಂದೆ.

ಅವರ ಮುಖದಲ್ಲಿ ಕೋಪ ಬರಲಿಲ್ಲ, ನಾಚಿಕೆಯೂ ಬರಲಿಲ್ಲ. ಕೆಟ್ಟ ಯಂತ್ರವೊಂದನ್ನು ಮೇಜಿನ ಮೇಲಿಟ್ಟಾಗ ಬರುವ ಒಂದು ಬಗೆಯ ಏಕಾಗ್ರತೆ ಬಂದಿತು. "ನಾನು ಹಾಗೆ ಹೇಳಲಿಲ್ಲ" ಎಂದು ಜಾರಿಕೊಳ್ಳುವ ಅವಕಾಶ ಅವರಿಗಿತ್ತು. ನಿಜಕ್ಕೂ ಅವರು ಹಾಗೆ ಹೇಳಿರಲಿಲ್ಲ. ಆ ಅವಕಾಶದ ಕಡೆ ಅವರು ತಿರುಗಿಯೂ ನೋಡಲಿಲ್ಲ. "ಆಕೆ ಏನೋ ಹೇಳೋಕೆ ಬಂದರು. ನಾನು ಕೇಳಲಿಲ್ಲ" ಎಂದಷ್ಟೇ ಅಂದರು.

ಆಗ ಚಿಕ್ಕಪ್ಪ ಬಾಯಿ ತೆರೆದರು. ಇಬ್ಬರ ಪಾಲಿನ ಮಾತನ್ನೂ ಚಿಕ್ಕಮ್ಮನೇ ಆಡುವ ಆ ಮನೆಯಲ್ಲಿ ಅದು ಅಪರೂಪದ ಘಟನೆ.

"ಅಂಗಡೀಲಿ ಕನ್ನಡಿ ಮುಂದೆ ನಿಂತಾಗ ಪ್ಯಾಂಟು ಸರಿಯಾಗೇ ಇರುತ್ತೆ. ಮನೇಗೆ ಹೋಗಿ ಕೂತಾಗ ಬಿಗಿ ಅಂತಾರೆ. ಅದಕ್ಕೇ ನಾನು ಕೂರಿಸಿ ನೋಡ್ತೀನಿ. ನೀನು ಆ ಡಬ್ಬಾನ ಅದು ಅಲ್ಲಿ ಇರೋ ಹಾಗೆ ಇಟ್ಟು ನೋಡಿದ್ಯಾ?"

"ಮುಚ್ಚಳ ತೆಗೆದಿದ್ದೆ" ಎಂದರು ಚಿಕ್ಕಮ್ಮ. ತಟ್ಟೆಯನ್ನು ಬದಿಗೆ ಸರಿಸಿ, "ಎಲ್ಲಾ ಸಲವೂ ಮುಚ್ಚಳ ತೆಗೆದೇ ಇದ್ದೆ" ಎಂದರು.

ಮರುದಿನ ಬೆಳಗ್ಗೆ ಮುದ್ರಣಾಲಯ ತೆರೆಯುವ ಹೊತ್ತಿಗೆ ಬೂದು ಕೋಟು ಬಾಗಿಲಲ್ಲಿತ್ತು. ಯಜಮಾನರು ಅಚ್ಚರಿಗೊಂಡರು. ಯಂತ್ರ ಚೆನ್ನಾಗಿ ನಡೆಯುತ್ತಿದೆ, ಯಾರೂ ನಿಮ್ಮನ್ನು ಕರೆದಿಲ್ಲವಲ್ಲ ಎಂದರು.

"ನಡೀತಿದ್ರೆ ಒಳ್ಳೇದು. ನಕ್ಷೆ ಮಾಡೋರನ್ನ ಕರೆಸಿ. ಅವತ್ತು ಯಾವ ಕೆಲಸ ಮಾಡ್ತಿದ್ರೋ ಅದನ್ನೇ, ಅದೇ ಕುರ್ಚೀಲಿ ಕೂತು ಮಾಡಲಿ. ನಾನು ನೋಡಬೇಕು."

"ಮೇಡಂ, ಅವರು ಕೈ ಇಟ್ರೆ ಮತ್ತೆ ಕೆಡುತ್ತೆ."

"ಕೆಡಲಿ ಅಂತಾನೇ ಬಂದಿರೋದು. ಕೆಡದೆ ಇದ್ರೆ ನನಗೆ ಏನೂ ಗೊತ್ತಾಗೋದಿಲ್ಲ."

ಯಜಮಾನರನ್ನು ಒಪ್ಪಿಸುವುದು ಸುಲಭವಾಗಿತ್ತು. ನಕ್ಷೆಯವರನ್ನು ಒಪ್ಪಿಸುವುದು ಹಾಗಿರಲಿಲ್ಲ. ಆಕೆ ಕಟ್ಟು ಹೊಂದಿಸುವ ಮೇಜಿನ ಬಳಿಯಿಂದ ಕದಲಲಿಲ್ಲ. ನಾವೆಲ್ಲ ಅವರಿಂದ ಅದುವರೆಗೆ ಕೇಳಿದ್ದ ಅತ್ಯಂತ ಉದ್ದನೆಯ ಮಾತನ್ನು ಆಗ ಕೇಳಿದೆವು. "ನೀವು ಒಂದು ಸಲ ನೋಡಿ ಹೇಳಿದ್ದು ಸಾಕು ಮೇಡಂ. ಇನ್ನೊಂದು ಸಲ ಎಲ್ಲರ ಎದುರಿಗೆ ಕೂತು ನಾನು ಅದನ್ನ ಕೆಡಿಸಿ ತೋರಿಸಬೇಕಾ? ಇಲ್ಲಿ ನಾನು ಹೇಗೋ ಇದ್ದೀನಿ, ಇರೋಕೆ ಬಿಡಿ."

ಚಿಕ್ಕಮ್ಮ ಒಂದು ಪೆಟ್ಟಿಗೆಯನ್ನು ಎಳೆದುಕೊಂಡು ಆಕೆಯ ಎದುರಿಗೆ ಕುಳಿತರು. "ಅವತ್ತು ನೀವು ಏನೋ ಹೇಳೋಕೆ ಬಂದ್ರಿ, ನಾನು ತಡೆದೆ. ಅದನ್ನ ಈಗ ಹೇಳಿ. ಹೇಳಿ ಮುಗಿಯೋವರೆಗೂ ನಾನು ಬಾಯಿ ತೆಗೆಯೋದಿಲ್ಲ. ಆಮೇಲೂ ನಿಮಗೆ ಬರೋದು ಬೇಡ ಅನಿಸಿದ್ರೆ ನಾನೇ ಅಲ್ಲಿ ಕೂತ್ಕೋತೀನಿ. ನದಿ ಹೇಗೆ ಬಿಡಿಸೋದು ಅಂತ ಇಲ್ಲಿಂದಲೇ ಕೂಗಿ ಹೇಳಿ."

ನಕ್ಷೆಯವರು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಕಾಗದ ಟೈಪು ಮಾಡುವಾಗ ಹಾಗಾಗುವುದಿಲ್ಲ. ಸಣ್ಣ ಭೂಪಟಕ್ಕೂ ಆಗುವುದಿಲ್ಲ. ಬೆಟ್ಟಗಳ ನೆರಳು ತುಂಬುವ ದೊಡ್ಡ ಭೂಪಟ ತೆರೆದು, ಅದನ್ನು ಹಿಗ್ಗಿಸಿ ಕುಗ್ಗಿಸಿ ಮಾಡುವಾಗ ಮಾತ್ರ ಆಗುತ್ತದೆ. ಚುಕ್ಕೆ ಬರುವ ಮೊದಲು ಕಾಲಿಗೆ ಬಿಸಿ ತಾಗುತ್ತದೆ, ಮೇಜಿನ ಕೆಳಗೆ ಡಬ್ಬದ ಒಂದು ಮಗ್ಗುಲಿನಿಂದ. ಹೊಸ ಡಿಸ್ಕು ಹಾಕಿಸಿ ತಂದ ಎಷ್ಟೋ ತಿಂಗಳ ಮೇಲೆ ಇದು ಶುರುವಾದದ್ದು. ಚಿಕ್ಕಮ್ಮ ಒಂದು ಸಲವೂ ಬಾಯಿ ಹಾಕಲಿಲ್ಲ. ಅಷ್ಟು ಹೊತ್ತು ಅವರು ಮೌನವಾಗಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೇಳಿ ಮುಗಿಸಿದಾಗ ನಕ್ಷೆಯವರು ತಾವಾಗಿಯೇ ಎದ್ದರು.

ಆಕೆ ತಮ್ಮ ಹಳೆಯ ಕುರ್ಚಿಯಲ್ಲಿ ಕುಳಿತರು. ಅಂಗೈ ಉಜ್ಜಿಕೊಳ್ಳಲು ಹೋಗಿ, ಸುತ್ತ ನಿಂತವರನ್ನು ಕಂಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. "ಉಜ್ಜಿಕೊಳ್ಳಿ. ಅವತ್ತು ಹೇಗೋ ಇವತ್ತೂ ಹಾಗೇ ಆಗಬೇಕು" ಎಂದರು ಚಿಕ್ಕಮ್ಮ. ಆಕೆ ಉಜ್ಜಿಕೊಂಡರು. ದೊಡ್ಡ ಭೂಪಟ ತೆರೆಯಿತು. ಬೆಟ್ಟಗಳ ಸಾಲಿಗೆ ನೆರಳು ತುಂಬತೊಡಗಿತು. ಚಿಕ್ಕಮ್ಮ ಮೇಜಿನ ಕೆಳಗೆ ನೆಲದ ಮೇಲೆ ಕುಳಿತು, ಡಬ್ಬದ ಮಗ್ಗುಲಿಗೆ ಅಂಗೈಯಿಟ್ಟು, ಕಣ್ಣು ಮುಚ್ಚಿದ್ದರು. ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ತಗಡು ಬೆಚ್ಚಗಾಯಿತು, ಬಿಸಿಯಾಯಿತು, ಅವರು ಕೈಯನ್ನು ಹಿಂದಕ್ಕೆ ತೆಗೆಯುವಷ್ಟು ಸುಡತೊಡಗಿತು. ಪರದೆಯ ಮೇಲೆ ಕಡಲು ಇರಬೇಕಾದಲ್ಲಿ ಕೆಂಪು ಹಸಿರು ಚುಕ್ಕೆಗಳೆದ್ದವು.

"ಬಂತು" ಎಂದರು ನಕ್ಷೆಯವರು. ಮೌಸಿನ ಮೇಲಿದ್ದ ಕೈ ಹಿಂದಕ್ಕೆ ಬಂತು.

"ನಿಲ್ಲಿಸಬೇಡಿ" ಎಂದರು ಚಿಕ್ಕಮ್ಮ. ಯಜಮಾನರು ಗಾಬರಿಯಾಗಿ, "ಮುಚ್ಚಳ ತೆಗೀರಿ ಮೇಡಂ, ಸುಟ್ಟುಹೋಗುತ್ತೆ" ಎಂದರು. "ತೆಗೆದ್ರೆ ಮತ್ತೆ ಸರಿಹೋಗಿಬಿಡುತ್ತೆ" ಎಂದು ಅವರು ಜೇಬಿನಿಂದ ಟಾರ್ಚು ತೆಗೆದು, ತಗಡಿನಲ್ಲಿ ಗಾಳಿಗೆಂದು ಕೊರೆದಿದ್ದ ಸಣ್ಣ ತೂತುಗಳ ಮೂಲಕ ಒಳಗೆ ಬೆಳಕು ಬಿಟ್ಟರು. ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ, ಕಣ್ಣನ್ನು ಒಂದು ತೂತಿಗೆ ಹೊಂದಿಸಿ ನೋಡಿದರು. ನೋಡಿ, ಪಕ್ಕಕ್ಕೆ ಸರಿದು, ನಕ್ಷೆಯವರನ್ನು ಕೆಳಗೆ ಕರೆದು ಟಾರ್ಚನ್ನು ಅವರ ಕೈಗೆ ಕೊಟ್ಟರು.

"ಏನು ಕಾಣುತ್ತೆ?"

"ಒಂದು ಸಣ್ಣ ಫ್ಯಾನು."

"ತಿರುಗ್ತಿದೆಯಾ?"

"ಇಲ್ಲ. ಅದರ ರೆಕ್ಕೆಗೆ ಒಂದು ವೈರು ಒತ್ತಿ ನಿಂತಿದೆ."

ಆಮೇಲೆ ಯಜಮಾನರು ಬಗ್ಗಿ ನೋಡಿದರು, ಗುಮಾಸ್ತರು ನೋಡಿದರು, ನಾನೂ ನೋಡಿದೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನಿನ ರೆಕ್ಕೆಗಳ ನಡುವೆ ಹಳದಿ ವೈರೊಂದು ಸಿಕ್ಕಿಕೊಂಡಿತ್ತು. ಎಲ್ಲರೂ ನೋಡಿದ್ದಾಯಿತೆಂದ ಮೇಲೆಯೇ ಚಿಕ್ಕಮ್ಮ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ತಗಡಿನ ಒತ್ತಡ ತಪ್ಪುತ್ತಲೇ ವೈರು ಸಡಿಲಿ ಹೊರಕ್ಕೆ ಬಾಗಿತು, ಫ್ಯಾನು ಒಮ್ಮೆ ತಡವರಿಸಿ, ಗಿರ್ರೆಂದು ತಿರುಗತೊಡಗಿತು. ಮುಚ್ಚಿದಾಗ ಕೆಟ್ಟು ತೆರೆದಾಗ ಸರಿಹೋಗುವ ರೋಗ ಅದು. ಕಾಗದ ಟೈಪು ಮಾಡುವಾಗ ಆ ಕಾರ್ಡು ಬಿಸಿಯಾಗುವುದೇ ಇಲ್ಲವಾದ್ದರಿಂದ ಗುಮಾಸ್ತರಿಗೆ ಏನೂ ಆಗಿರಲಿಲ್ಲ. ಭೂಪಟದ ಭಾರ ಹೊತ್ತಾಗ ಮಾತ್ರ ಅದು ಬೆಂದು ಹೋಗುತ್ತಿತ್ತು.

ಅಷ್ಟಕ್ಕೇ ಮುಗಿಸಬಹುದಿತ್ತು. ವೈರು ಹೇಗೆ ಅಲ್ಲಿಗೆ ಬಂತೆಂದು ಯಾರೂ ಕೇಳಿರಲಿಲ್ಲ, ಕೇಳುವಷ್ಟು ತಿಳಿದವರೂ ಅಲ್ಲಿ ಇರಲಿಲ್ಲ. ಚಿಕ್ಕಮ್ಮ ಆ ಹಳದಿ ವೈರನ್ನು ಬೆರಳಿನಿಂದ ಹಿಡಿದು ಅದರ ಮೂಲದವರೆಗೆ ಹೋದರು. ಅದು ಎರಡನೆಯ ಹಾರ್ಡ್ ಡಿಸ್ಕಿಗೆ ವಿದ್ಯುತ್ ಒಯ್ಯುವ ವೈರು. ಅದರ ನಡುವೆ ನೀಲಿ ದಾರದ ತುಂಡೊಂದು ನೇತಾಡುತ್ತಿತ್ತು. ಪ್ಲಾಸ್ಟಿಕ್ ಪಟ್ಟಿ ವೈರನ್ನು ಕಚ್ಚುತ್ತದೆಂದು ಚಿಕ್ಕಮ್ಮ ಗಂಡನ ಅಂಗಡಿಯ ಹೊಲಿಗೆ ದಾರದಿಂದಲೇ ವೈರುಗಳನ್ನು ಕಟ್ಟುತ್ತಾರೆ. ಅದರ ಬಗ್ಗೆ ಅವರಿಗೆ ಒಂದಿಷ್ಟು ಹೆಮ್ಮೆಯೂ ಇದೆ. ಬಿಸಿಗೆ ಒಣಗಿ ಆ ದಾರ ತುಂಡಾಗಿತ್ತು.

ಅವರು ಎದ್ದು ನಿಂತು ಮಂಡಿಯ ದೂಳು ಒರೆಸಿಕೊಂಡರು. ಕೈಗೆ ಬಂದ ದಾರದ ತುಂಡನ್ನು ಯಜಮಾನರ ಎದುರು ಹಿಡಿದರು.

"ಅವತ್ತು ಇದೇ ಜಾಗದಲ್ಲಿ ನಿಂತು ದೋಷ ಕೈಯಲ್ಲಿದೆ ಅಂದೆ. ಕೈಯಲ್ಲೇ ಇತ್ತು. ಆದರೆ ಕೈ ಇವರದಲ್ಲ, ನನ್ನದು. ಈ ಗಂಟು ನಾನು ಹಾಕಿದ್ದು. ಇವರು ಸರಿಯಾದ್ದನ್ನೇ ಹೇಳೋಕೆ ಬಂದ್ರು, ನಾನು ಕೇಳಲಿಲ್ಲ. ಅಂಗಡೀಲಿ ಮುಚ್ಚಳ ತೆಗೆದು ನೋಡಿ ಎಲ್ಲಾ ನೋಡಿದೆ ಅಂದ್ಕೊಂಡೆ."

ಅದೇ ದನಿ, ಅದೇ ಎತ್ತರ. ರಟ್ಟು ಕತ್ತರಿಸುವವರು ಕೆಲಸ ನಿಲ್ಲಿಸಿ ತಲೆಯೆತ್ತಿದರು. ಅದರಲ್ಲಿ ಕ್ಷಮೆಯ ದೈನ್ಯವಿರಲಿಲ್ಲ. ಪರದೆ ಕಪ್ಪಾಗಲು ಕಾರಣ ಏನೆಂದು ಗಿರಾಕಿಗೆ ವಿವರಿಸುವಾಗ ಇರುವಷ್ಟೇ ಖಚಿತವಾದ, ನೆಟ್ಟಗಿನ ದನಿ. ಆಮೇಲೆ ಅವರು ನಕ್ಷೆಯವರ ಕಡೆ ತಿರುಗಿ, "ನಿಮಗೆ ತೊಂದರೆ ಆಯ್ತು. ನನ್ನಿಂದ ಆಯ್ತು" ಎಂದರು. ಆ ಎರಡು ವಾಕ್ಯಗಳನ್ನು ಮಾತ್ರ ಕೊಂಚ ತಗ್ಗಿದ ಸ್ವರದಲ್ಲಿ ಹೇಳಲು ಅವರು ಪ್ರಯತ್ನಿಸಿದ್ದು ನನಗೆ ಕಂಡಿತು. ಸಾಧ್ಯವಾಗಲಿಲ್ಲ.

ಯಜಮಾನರು ನಿರಾಳವಾಗಿ ನಕ್ಕು, "ಹಾಗಾದ್ರೆ ನಮ್ಮ ನಕ್ಷೆಯವರ ಕೈಗುಣ ಒಳ್ಳೇದೇ ಅಂತಾಯ್ತು" ಎಂದು ಎಲ್ಲರನ್ನೂ ಸಮಾಧಾನ ಮಾಡಹೊರಟರು.

"ಕೈಗೆ ಗುಣ ಇರೋದಿಲ್ಲ ಸಾರ್, ಬೆರಳಿರುತ್ತೆ ಅಷ್ಟೆ" ಎಂದರು ಚಿಕ್ಕಮ್ಮ. "ಇವತ್ತು ಒಳ್ಳೇದು ಅಂದ್ರೆ ನಾಳೆ ಇನ್ನೇನೋ ಒಡೆದಾಗ ಮತ್ತೆ ಕೆಟ್ಟದು ಅಂತೀರಿ. ಅವರು ನಕ್ಷೆ ಚೆನ್ನಾಗಿ ಮಾಡ್ತಾರೆ. ಅಷ್ಟು ಹೇಳಿ ಸಾಕು."

ನಕ್ಷೆಯವರು ಆ ಹೊತ್ತೇ ತಮ್ಮ ಮೇಜಿಗೆ ಮರಳಿದರು. ಎಲ್ಲವೂ ಒಂದೇ ದಿನಕ್ಕೆ ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಚಿಕ್ಕಮ್ಮ ವೈರನ್ನು ಮತ್ತೆ ಕಟ್ಟುವಾಗ ಆಕೆ ಪಕ್ಕದಲ್ಲಿ ಕುಳಿತು, ಗಂಟನ್ನು ತಾವೇ ಒಮ್ಮೆ ಎಳೆದು ನೋಡಿ, "ಈ ಕಡೆಯಿಂದ ಇನ್ನೊಂದು ಹಾಕಿ" ಎಂದರು. ಚಿಕ್ಕಮ್ಮ ಮರುಮಾತಿಲ್ಲದೆ ಇನ್ನೊಂದು ಹಾಕಿದರು. "ಯಂತ್ರ ಸರಿಹೋಯ್ತು ಮೇಡಂ. ಜನ ಸರಿಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು" ಎಂದು ಆಕೆ ಹೇಳಿದ್ದಕ್ಕೆ ಚಿಕ್ಕಮ್ಮ ತಲೆಯಾಡಿಸಿ ಹೊರಟುಹೋದರು.

ಆ ಮಾತನ್ನು ಅವರು ಹಗುರವಾಗಿ ತೆಗೆದುಕೊಳ್ಳಲಿಲ್ಲವೆಂದು ಮುಂದಿನ ವಾರಗಳಲ್ಲಿ ತಿಳಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಬುತ್ತಿ ಹಿಡಿದು ಮುದ್ರಣಾಲಯಕ್ಕೆ ಬರುತ್ತಿದ್ದರು. ನಕ್ಷೆಯವರ ಪಕ್ಕದಲ್ಲಿ, ಎಲ್ಲರ ಕಣ್ಣೆದುರಿಗೆ ಕುಳಿತು ಊಟ ಮಾಡಿ, ಅವರ ಬುತ್ತಿಯಿಂದ ತಾವು ಬಡಿಸಿಕೊಂಡು, ತಮ್ಮದರಿಂದ ಅವರಿಗೆ ಬಡಿಸುತ್ತಿದ್ದರು. ಒಂದು ದಿನ ತಮ್ಮ ಕನ್ನಡಕದ ಸ್ಕ್ರೂ ಸಡಿಲವಾಗಿದೆಯೆಂದು ಅದನ್ನು ನಕ್ಷೆಯವರ ಕೈಗೆ ಕೊಟ್ಟರು. ಊರಿಗೆಲ್ಲ ಸ್ಕ್ರೂ ಬಿಗಿಯುವ ಹೆಂಗಸು, ಕನ್ನಡಕದ ಅಂಗಡಿಯ ನೆತ್ತಿಯ ಮೇಲೆ ಕುಳಿತು ಕೆಲಸ ಮಾಡುವವರು! ನಕ್ಷೆಯವರಿಗೆ ಅದು ಅರ್ಥವಾಗದೆ ಇರಲಿಲ್ಲ. ತುಟಿಯಂಚಿನಲ್ಲಿ ನಗುವನ್ನು ತಡೆದುಕೊಂಡು ಅದನ್ನು ಬಿಗಿದುಕೊಟ್ಟರು. ಆ ಮೇಲೆ ಒಬ್ಬೊಬ್ಬರಾಗಿ ಉಳಿದವರೂ ಆ ಮೇಜಿನ ಸುತ್ತ ಸೇರತೊಡಗಿದರು, ಹೊಸ ಫ್ಲಾಸ್ಕು ಆ ಮೇಜಿನ ಮೇಲೆಯೇ ಇರತೊಡಗಿತು. ಭೂಪಟ ಪುಸ್ತಕ ಶಾಲೆಗಳು ತೆರೆಯುವ ಹೊತ್ತಿಗೆ ಹೊರಬಂದಿತು. ಇಬ್ಬರು ಹೆಂಗಸರೂ ಗೆಳತಿಯರಾದರೆಂದು ನಾನು ಹೇಳಲಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಬಲ್ಲವರಾದರು. ಅದು ಸ್ನೇಹಕ್ಕಿಂತ ಕಡಿಮೆಯದೇನಲ್ಲ.

ಚಿಕ್ಕಮ್ಮ ಈಗಲೂ ಅಷ್ಟೇ ಖಂಡಿತವಾಗಿ ಮಾತಾಡುತ್ತಾರೆ. ಆ ಪ್ರಸಂಗದಿಂದ ಅವರು ಮೆತ್ತಗಾದರೆಂದು ತಿಳಿದವರು ಅವರ ಅಂಗಡಿಯ ಮೆಟ್ಟಿಲು ಹತ್ತಿ ನೋಡಬಹುದು. ಮೆತ್ತಗಾಗುವುದನ್ನು ನಾವು ವಿನಯವೆಂದು ಎಣಿಸುತ್ತೇವೆ. ಒಮ್ಮೆ ತಪ್ಪಿದವರು ಅನಂತರ 'ಇರಬಹುದೇ, ಇಲ್ಲವೇ' ಎಂದು ಅರ್ಧ ದನಿಯಲ್ಲಿ ಮಾತಾಡಿದರೆ ಪಾಠ ಕಲಿತರೆಂದು ಸಮಾಧಾನ ಪಡುತ್ತೇವೆ. ಆದರೆ ಅರ್ಧ ದನಿಯವರಿಂದ ಯಾವ ಯಂತ್ರವೂ ರಿಪೇರಿಯಾಗುವುದಿಲ್ಲ, ಯಾವ ಅಪವಾದವೂ ತೊಳೆದುಹೋಗುವುದಿಲ್ಲ. ತಾನು ಆಡಿದ ಮಾತಿಗೆ ಕಾವಲು ನಿಲ್ಲುವ ಜನ ಲೋಕದಲ್ಲಿ ಬಹಳ. ಮಾತು ಸುಳ್ಳಾಯಿತೆಂದು ಕಂಡ ಮೇಲೂ ಅದರ ಬಾಗಿಲು ಬಿಟ್ಟು ಅವರು ಕದಲುವುದಿಲ್ಲ. ಇನ್ನೊಂದು ಬಗೆಯವರು ಕಾವಲಿರುವುದು ಮಾತಿಗಲ್ಲ, ಸಂಗತಿಗೆ. ಸಂಗತಿ ಇತ್ತ ತಿರುಗಿದರೆ ಅವರೂ ಇತ್ತ ತಿರುಗುತ್ತಾರೆ, ಹಾಗೆ ತಿರುಗುವಾಗ ತಲೆ ತಗ್ಗಿಸಬೇಕೆಂದು ಅವರಿಗೆ ತೋರುವುದೇ ಇಲ್ಲ. ಅಂಥವರ ನೆರೆಯಲ್ಲಿ ಬದುಕುವುದು ಕೆಲವೊಮ್ಮೆ ಕಷ್ಟ, ಅವರು ತಪ್ಪಿದಾಗ ಪೆಟ್ಟೂ ಜೋರಾಗಿಯೇ ಬೀಳುತ್ತದೆ. ಆದರೆ ಆ ಪೆಟ್ಟು ಬಿದ್ದ ಜಾಗಕ್ಕೆ ಯಾರೂ ಕರೆಯದೆ, ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ ಮರಳಿ ಬರುವವರೂ ಅವರೇ.